ಟ್ಯೂಬಿಂಗನ್ನಿನ ಚರ್ಚು ಮತ್ತು ಇಬ್ಬರು ಕಿಟ್ಟೆಲ್

ಅಪ್ಪ ಸ್ಟುಟ್‌ಗಾರ್ಟಿಗೆ ಬಂದು ಮೂರು ವಾರ ಆಗಿತ್ತು. ಅಷ್ಟರಲ್ಲಿ ಕಾರಿನ ಮ್ಯೂಸಿಯಂ, ಟಿವಿ ಗೋಪುರ, ಅರಮನೆ, ಕಾಡು ಎಲ್ಲಾ ತೋರಿಸಿ ಮುಗಿಸಿದ್ದೆ. ಯಾವುದಕ್ಕೂ "ಚಂದ ಉಂಟು" ಅನ್ನುವುದಕ್ಕಿಂತ ಜಾಸ್ತಿ ಮಾತು ಬರಲಿಲ್ಲ. ಒಂದು ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ, ಸಾರಿಗೆ ಅನ್ನ ಕಲಸುತ್ತಾ ಕೇಳಿದರು: "ಕಿಟ್ಟೆಲ್ ತೀರಿಹೋದ ಊರು ಇಲ್ಲಿಂದ ಎಷ್ಟು ದೂರ?"

ಟ್ಯೂಬಿಂಗನ್. ರೈಲಿನಲ್ಲಿ ಒಂದು ಗಂಟೆ. ಏಳು ವರ್ಷದಿಂದ ಇಲ್ಲಿದ್ದೇನೆ, ಆ ಊರಿಗೆ ಎರಡು ಸಲ ಹೋಗಿದ್ದೇನೆ. ಒಮ್ಮೆ ದೋಣಿಯಲ್ಲಿ ಕೂರಲು, ಇನ್ನೊಮ್ಮೆ ಆಫೀಸಿನವರ ಜೊತೆ ಸುಮ್ನೆ ತಿರುಗಲು. ಕಿಟ್ಟೆಲ್ ನನಗೆ ಒಂದು ಸಲವೂ ನೆನಪಾಗಿರಲಿಲ್ಲ. ಅಪ್ಪನಿಗೆ ಅದನ್ನು ಹೇಳಲಿಲ್ಲ.

ಅಪ್ಪ ಮಂಗಳೂರಿನಲ್ಲಿ ಹೈಸ್ಕೂಲು ಕನ್ನಡ ಮೇಷ್ಟ್ರಾಗಿ ನಿವೃತ್ತರಾದವರು. ನಮ್ಮ ಮನೆಯಲ್ಲಿ ನಿಘಂಟಿಗೆ ನಿಘಂಟು ಅಂತ ಯಾರೂ ಹೇಳುತ್ತಿರಲಿಲ್ಲ. "ಕಿಟ್ಟೆಲ್ ತಾ" ಅಂದರೆ ಕಂದು ಬೈಂಡು ಹಾಕಿದ ಆ ದಪ್ಪ ಪುಸ್ತಕವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬರಬೇಕು. ಜರ್ಮನ್ ಪಾದ್ರಿ ಕಿಟ್ಟೆಲ್ ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಲ್ಲಿ ಮೊದಲು ಅಚ್ಚಾದದ್ದು, ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಚಿಕ್ಕವಳಿದ್ದಾಗ ಕಿಟ್ಟೆಲ್ ಅಂದರೆ ಪುಸ್ತಕದ ಜಾತಿ ಅಂದುಕೊಂಡಿದ್ದೆ. ಜರ್ಮನಿಗೆ ಬಂದ ಮೇಲೆ ಇನ್ನೊಂದು ಅರ್ಥ ಸಿಕ್ಕಿತು. ಇಲ್ಲಿ ಕಿಟ್ಟೆಲ್ ಅಂದರೆ ಕೆಲಸದ ಮೇಲಂಗಿ. ನಾನು ಲ್ಯಾಬಿನಲ್ಲಿ ದಿನಾ ತೊಡುವ ಬಿಳಿ ಕೋಟಿಗೂ ಅದೇ ಹೆಸರು. ಇದನ್ನು ಕೇಳಿ ಅಪ್ಪ ಆ ರಾತ್ರಿ ಮೂರು ಸಲ ನಕ್ಕರು.

ಶನಿವಾರ ಬೆಳಿಗ್ಗೆ ಹೊರಟೆವು. ಚಿತ್ರಾನ್ನ, ಬಾಳೆಹಣ್ಣು, ಅಪ್ಪನ ಮಾತ್ರೆ ಡಬ್ಬ. ರೈಲು ನೆಕ್ಕರ್ ನದಿಯ ಪಕ್ಕ ಓಡತೊಡಗಿತು. ಹತ್ತೇ ನಿಮಿಷಕ್ಕೆ ಬಂದದ್ದು ಎಸ್ಲಿಂಗನ್. ನಾನು ಫೋನಿನಲ್ಲಿ ಮುಳುಗಿದ್ದೆ. ಅಪ್ಪ ಕಿಟಕಿಯಿಂದ ಬೋರ್ಡು ಓದಿ ಎದ್ದೇ ನಿಂತರು.

"ಇದು ಮೋಗ್ಲಿಂಗ್ ತೀರಿಹೋದ ಊರಲ್ವಾ? ಮೊದಲೇ ಹೇಳಬಾರದಿತ್ತಾ ಮಾರಾಯ್ತಿ!"

ಬಾಗಿಲು ಮುಚ್ಚಿತ್ತು. ಹೆರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಇಲ್ಲಿಯೇ. 1843ರ ಜುಲೈ 1ರಂದು 'ಮಂಗಳೂರು ಸಮಾಚಾರ' ಹೊರಡಿಸಿದ ಮನುಷ್ಯ. ಕಲ್ಲಚ್ಚಿನ ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಕನ್ನಡದ ಮೊದಲ ಪತ್ರಿಕೆ. ನಮ್ಮಲ್ಲಿ ಪತ್ರಿಕಾ ದಿನ ಜುಲೈ 1ಕ್ಕೆ ಬರುವುದು ಇದೇ ಲೆಕ್ಕದಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ನೆಲೆಯೂರಿದ ಬಲ್ಮಠದ ಗುಡ್ಡದ ಪಕ್ಕದಲ್ಲೇ ಬೆಳೆದ ನನಗೆ ಇದು ಗೊತ್ತಿತ್ತು. ಎಸ್ಲಿಂಗನ್ ಮೂಲಕ ವಾರಕ್ಕೆರಡು ಸಲ ಹಾಯುತ್ತೇನೆ ಅನ್ನುವುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ನೋಡಿರಲಿಲ್ಲ, ಅಷ್ಟೇ.

"ಬರುವಾಗ ಎಬ್ಬಿಸು" ಅಂದರು. ಆಗ ಬೆಳಿಗ್ಗೆ ಒಂಬತ್ತೂವರೆ.

ನ್ಯೂರ್ಟಿಂಗನ್ ಹತ್ತಿರ ರೈಲು ಕಾರಣ ಹೇಳದೆ ಅರ್ಧ ಗಂಟೆ ನಿಂತಿತು. ಅಪ್ಪ ಅಷ್ಟರಲ್ಲಿ ಅರ್ಧ ಚಿತ್ರಾನ್ನ ಮುಗಿಸಿ ಪಾಠ ಶುರು ಮಾಡಿದರು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಆದರೆ ಬಾಸೆಲ್ ಮಿಶನ್‌ನಿಂದ ಮಂಗಳೂರಿಗೆ, ಧಾರವಾಡಕ್ಕೆ, ಮಡಿಕೇರಿಗೆ ಬಂದವರಲ್ಲಿ ಬಹಳ ಜನ ಇದೇ ವ್ಯೂರ್ಟೆಂಬರ್ಗ್ ಸೀಮೆಯವರು. ಇಲ್ಲಿನ ಹಳ್ಳಿಗಳಲ್ಲಿ ಚರ್ಚಿನ ಆರಾಧನೆ ಮುಗಿದ ಮೇಲೆ ಮನೆಮನೆಯಲ್ಲಿ ಸೇರಿ ಬೈಬಲ್ ಓದುವ ಭಕ್ತರ ಗುಂಪುಗಳಿದ್ದವು. ಮಿಶನ್‌ಗೆ ಹುಡುಗರೂ ದುಡ್ಡೂ ಬಂದದ್ದು ಅಲ್ಲಿಂದ. ಹೆಚ್ಚಿನವರು ಕಸುಬುದಾರರ, ರೈತರ ಮಕ್ಕಳು. ಮೋಗ್ಲಿಂಗ್ ಹಾಗಲ್ಲ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದವರು. ಮಲಯಾಳಂ ನಿಘಂಟು ಬರೆದ ಹೆರ್ಮನ್ ಗುಂಡರ್ಟ್ ಕೂಡ ಅಲ್ಲಿಯೇ ಓದಿದವರು. ಕಿಟ್ಟೆಲ್ ಮಾತ್ರ ದೂರದವರು. 1832ರಲ್ಲಿ ಹುಟ್ಟಿದ್ದು ಉತ್ತರದ ಕಡಲತೀರದ ಒಂದು ಹಳ್ಳಿಯಲ್ಲಿ, ಪಾದ್ರಿಯ ಮಗನಾಗಿ. ಆದರೆ ಕೊನೆಗಾಲಕ್ಕೆ ಬಂದು ನೆಲೆಸಿದ್ದು ಟ್ಯೂಬಿಂಗನ್ನಿನಲ್ಲಿ.

"ಹಾಗಾದರೆ ಇವರೆಲ್ಲ ಕೂತು ಪ್ರಸಂಗ ಕೇಳಿದ ಚರ್ಚು ಒಂದು ಇರಬೇಕಲ್ವಾ?" ಎಂದರು ಅಪ್ಪ.

ಅದು ಸ್ಟಿಫ್ಟ್ಸ್‌ಕಿರ್ಖೆ. ಊರಿನ ದೊಡ್ಡ ಚರ್ಚು. ನಾವು ಹೊರಟದ್ದು ಅಲ್ಲಿಗೇ.

ಸ್ಟೇಷನ್ನಿನಿಂದ ನಡೆದು ನೆಕ್ಕರ್ ಸೇತುವೆ ದಾಟಿದರೆ ಎಡಗಡೆ ನದಿಗೆ ಮುಖ ಮಾಡಿ ನಿಂತ ಮನೆಗಳ ಸಾಲು. ಹಳದಿ, ಗುಲಾಬಿ, ತಿಳಿ ಹಸಿರು. ಇದೇ ಈ ಊರಿನ ಪೋಸ್ಟ್‌ಕಾರ್ಡ್ ನೋಟ. ಎರಡನೇ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ಸುಟ್ಟು ಬೂದಿಯಾದಾಗ ಈ ಊರು ಹೆಚ್ಚು ಕಡಿಮೆ ಹಾಗೇ ಉಳಿಯಿತು. ಸೇತುವೆಯಿಂದ ಮೇಲೆ ಹೋಗುವ ಓಣಿ ಕಲ್ಲು ಹಾಸಿನದು, ಒಳ್ಳೆ ಏರು. ಅಪ್ಪ ಎರಡು ಕಡೆ ನಿಂತು ಅಂಗಡಿ ನೋಡುವ ನೆಪದಲ್ಲಿ ಉಸಿರು ಹಿಡಿದರು. ಏರು ಮುಗಿದಲ್ಲಿ ಹೋಲ್ಟ್ಸ್‌ಮಾರ್ಕ್ಟ್, ಹಿಂದೆ ಕಟ್ಟಿಗೆ ಮಾರುತ್ತಿದ್ದ ಚೌಕ. ಅಲ್ಲೇ ಚರ್ಚು.

ಮೆಟ್ಟಿಲ ತುಂಬಾ ವಿದ್ಯಾರ್ಥಿಗಳು ಕೂತಿದ್ದರು. ಒಬ್ಬ ಪಿಜ್ಜಾ ತಿನ್ನುತ್ತಿದ್ದ, ಇಬ್ಬರು ಪರೀಕ್ಷೆಗೆ ಓದುತ್ತಿದ್ದರು, ಒಬ್ಬಳು ಬಿಸಿಲಿಗೆ ಮುಖ ಒಡ್ಡಿ ಮಲಗಿದ್ದಳು. ಚರ್ಚಿಗೂ ಅವರಿಗೂ ಏನೂ ಸಂಬಂಧ ಇಲ್ಲ ಅನ್ನುವ ಹಾಗೆ. ಅಪ್ಪನಿಗೆ ಇದು ಬಹಳ ಹಿಡಿಸಿತು. "ನಮ್ಮ ರಥಬೀದಿ ಕಟ್ಟೆ ಹಾಗೆ ಉಂಟು" ಅಂದರು.

ಹೊರಗಿನಿಂದ ನೋಡಿದರೆ ಇದು ಬೆರಗು ಹುಟ್ಟಿಸುವ ಕಟ್ಟಡ ಅಲ್ಲ. ಉಲ್ಮ್‌ನ ಚರ್ಚು ನೋಡಿ ಬಂದವರಿಗಂತೂ ಗಿಡ್ಡ, ದಪ್ಪ ಅನ್ನಿಸುತ್ತದೆ. ಮರಳುಗಲ್ಲಿನ ಗೋಡೆ, ಒಂದೇ ಗೋಪುರ, ದೊಡ್ಡ ಮಾಡು. ಆದರೆ ಇಲ್ಲಿ ಕತ್ತೆತ್ತಿ ಒಂದೊಂದೇ ಕಿಟಕಿ ನೋಡಬೇಕು. ಒಂದರಲ್ಲಿ ಕಲ್ಲಿನ ಬಂಡಿಚಕ್ರ ಇದೆ. ಚಕ್ರದ ಅರಗಳ ನಡುವೆ ಒಬ್ಬ ಮನುಷ್ಯನನ್ನು ಹೆಣೆದ ಹಾಗಿದೆ. ಕೈ ಒಂದು ಕಡೆ, ಕಾಲು ಒಂದು ಕಡೆ, ಮೈ ತಿರುಚಿದೆ. ಕಿಟಕಿಯ ಕಲ್ಲಿನ ಜಾಲರಿಯೇ ಆ ಚಕ್ರ. ಬೆಳಕು ಒಳಗೆ ಹೋಗುವುದು ಆ ಮೈಯ ಸುತ್ತಲಿನ ಸಂದಿಗಳಿಂದ.

ಅವನು ಸಂತ ಜಾರ್ಜ್. ಚರ್ಚು ಅವನ ಹೆಸರಿನದು. ಕುದುರೆ ಮೇಲೆ ಕೂತು ಡ್ರ್ಯಾಗನ್ ಕೊಲ್ಲುವ ಜಾರ್ಜ್ ಎಲ್ಲರಿಗೂ ಗೊತ್ತು. ಹಳೆಯ ಕಥೆಯಲ್ಲಿ ಅವನನ್ನು ಹಿಡಿದು ಚಕ್ರಕ್ಕೆ ಕಟ್ಟಿ ಹಿಂಸಿಸಿದ ಭಾಗವೂ ಬರುತ್ತದೆ, ಈ ಶಿಲ್ಪ ಅದು. ಊರಿನವರು ಮಾತ್ರ ಬೇರೆ ಕಥೆ ಹೇಳುತ್ತಾರೆ. ಇಬ್ಬರು ಹುಡುಗರು ಕಸುಬು ಕಲಿಯಲು ಊರೂರು ತಿರುಗಲು ಹೊರಟರಂತೆ. ಒಬ್ಬನೇ ವಾಪಸ್ ಬಂದ. ಅವನ ಕೈಯಲ್ಲಿ ಇನ್ನೊಬ್ಬನ ಚೂರಿ. ಇವನೇ ಕೊಂದ ಅಂತ ತೀರ್ಮಾನ ಆಯಿತು, ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಸ್ವಲ್ಪ ಕಾಲದ ಮೇಲೆ ಸತ್ತ ಅಂದುಕೊಂಡ ಹುಡುಗ ಗಟ್ಟಿಮುಟ್ಟಾಗಿ ನಡೆದು ಬಂದ. ಊರು ಮಾಡಿದ ತಪ್ಪು ನೆನಪಿರಲಿ ಅಂತ ಈ ಶಿಲ್ಪ ಇಟ್ಟರು. ಸಂತನ ಕಥೆಗಿಂತ ಇದೇ ನನಗೆ ಹೆಚ್ಚು ನಂಬಬೇಕು ಅನ್ನಿಸಿತು. ನಿಜ ಅಲ್ಲ ಅಂತ ಗೊತ್ತಿದ್ದರೂ.

ಪಕ್ಕದ ಇನ್ನೊಂದು ಕಿಟಕಿಯಲ್ಲಿ ಸಂತ ಮಾರ್ಟಿನ್ ಕುದುರೆ ಮೇಲೆ ಕೂತು ತನ್ನ ಹೊದಿಕೆಯನ್ನು ಭಿಕ್ಷುಕನಿಗೆ ಅರ್ಧ ಹರಿದು ಕೊಡುತ್ತಿದ್ದಾನೆ. ಅವನನ್ನು ಯಾರೂ ನೋಡುವುದಿಲ್ಲ. ಎಲ್ಲರ ಕ್ಯಾಮೆರಾ ಚಕ್ರದ ಕಡೆಗೇ.

ಒಳಗೆ ತಣ್ಣಗಿತ್ತು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದರು, ನಾನು ತಡೆದೆ.

ಈ ಚರ್ಚಿನ ಕಥೆ ದುಡ್ಡಿನಿಂದ ಶುರುವಾಗುತ್ತದೆ. ಸ್ಟಿಫ್ಟ್ ಅಂದರೆ ದತ್ತಿ ಬಿಟ್ಟ ಸಂಸ್ಥೆ. ಒಂದಷ್ಟು ಪಾದ್ರಿಗಳು, ಅವರ ಜೀವನಕ್ಕೆ ಭೂಮಿ ಕಾಣಿ, ಬರುವ ಗೇಣಿ. ಅಂಥದ್ದೊಂದು ಸ್ಟಿಫ್ಟ್ ಸಿಂಡೆಲ್ಫಿಂಗನ್‌ನಲ್ಲಿತ್ತು. ಈಗ ಕಾರಿನ ಕಾರ್ಖಾನೆಗೆ ಹೆಸರಾದ ಊರು, ನಾನು ದಿನಾ ಕೆಲಸಕ್ಕೆ ಹೋಗುವ ಊರು. ಇಲ್ಲಿನ ದೊರೆ ಎಬರ್‌ಹಾರ್ಡ್‌ಗೆ ಒಂದು ವಿಶ್ವವಿದ್ಯಾಲಯ ಕಟ್ಟುವ ಆಸೆ. ಮೇಷ್ಟ್ರುಗಳಿಗೆ ಸಂಬಳ ಎಲ್ಲಿಂದ? ಪೋಪ್‌ನ ಒಪ್ಪಿಗೆ ಪಡೆದು ಆ ಸ್ಟಿಫ್ಟಿನ ಬಹುಪಾಲು ಆದಾಯ ಸಮೇತ ಟ್ಯೂಬಿಂಗನ್ನಿಗೆ ಎಬ್ಬಿಸಿ ತಂದ. 1477ರಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಹೊಸ ಚರ್ಚಿನ ಕೆಲಸ 1470ರಲ್ಲೇ ಹಿಡಿದಿದ್ದರು, ಸುಮಾರು 1490ರ ಹೊತ್ತಿಗೆ ಮುಖ್ಯ ಕಟ್ಟಡ ನಿಂತಿತು. ಸ್ಟಿಫ್ಟಿನ ಮುಖ್ಯಸ್ಥನೇ ವಿಶ್ವವಿದ್ಯಾಲಯದ ಕುಲಪತಿ.

"ದೇವರ ಗೇಣಿಯಲ್ಲಿ ಮೇಷ್ಟ್ರ ಸಂಬಳ! ನಮ್ಮಲ್ಲೂ ಹೀಗೆ ಮಾಡಿದ್ದರೆ ನನಗೆ ಪೆನ್ಷನ್ನಿಗೆ ಅಲೆಯುವುದು ತಪ್ಪುತ್ತಿತ್ತು" ಎಂದರು ಅಪ್ಪ.

ದುಡ್ಡಿನ ಮಾತು ಬಂದದ್ದಕ್ಕೆ ಇನ್ನೊಂದು. ಈಗಲೂ ಈ ದೇಶದಲ್ಲಿ ಚರ್ಚಿನ ತೆರಿಗೆ ಇದೆ. ಮನೆ ವಿಳಾಸ ನೋಂದಾಯಿಸುವ ಫಾರ್ಮಿನಲ್ಲಿ ಧರ್ಮ ಯಾವುದು ಅಂತ ಕೇಳುತ್ತಾರೆ. ಪ್ರೊಟೆಸ್ಟೆಂಟ್ ಅಥವಾ ಕ್ಯಾಥೊಲಿಕ್ ಅಂತ ಬರೆದರೆ ಈ ರಾಜ್ಯದಲ್ಲಿ ಆದಾಯ ತೆರಿಗೆಯ ಮೇಲೆ ಇನ್ನೂ 8% ಸಂಬಳದಲ್ಲೇ ಕತ್ತರಿ. ಮಂಗಳೂರಿನಿಂದ ಬಂದ ನನ್ನ ಗೆಳತಿಯೊಬ್ಬಳು ಗೊತ್ತಿಲ್ಲದೆ ಬರೆದು, ಮೊದಲ ಸಂಬಳದ ಚೀಟಿ ನೋಡಿ ನನಗೆ ಫೋನು ಮಾಡಿದ್ದಳು. "ದೇವರಿಗೂ ಟಿಡಿಎಸ್ ಉಂಟಾ ಮಾರಾಯ್ತಿ ಇಲ್ಲಿ?"

1534ರಲ್ಲಿ ಈ ಚರ್ಚು ಪ್ರೊಟೆಸ್ಟೆಂಟ್ ಆಯಿತು. ಜನ ಎದ್ದು ಬದಲಾಯಿಸಿದ್ದಲ್ಲ, ದೊರೆ ಬದಲಾಯಿಸಿದ್ದು. ಡ್ಯೂಕ್ ಉಲ್ರಿಖ್ ಹದಿನೈದು ವರ್ಷ ರಾಜ್ಯ ಕಳೆದುಕೊಂಡು ತಿರುಗಿದವನು, ಯುದ್ಧ ಗೆದ್ದು ಮರಳಿ ಬಂದ. ಬಂದವನೇ ಲೂಥರನ ದಾರಿ ಹಿಡಿದ. ಟ್ಯೂಬಿಂಗನ್ನಿನಲ್ಲಿ ಸುಧಾರಣೆ ತರಲು ಕಳಿಸಿದ್ದು ಆಂಬ್ರೋಸಿಯುಸ್ ಬ್ಲಾರರ್ ಅನ್ನುವವನನ್ನು. ಪಕ್ಕದ ಪೂಜಾವೇದಿಗಳು, ಸಂತರ ಚಿತ್ರಗಳು ಹೊರಗೆ ಹೋದವು. ಚರ್ಚುಗಳ ಬೆಳ್ಳಿ ಬಂಗಾರ ಬೊಕ್ಕಸಕ್ಕೆ ಹೋಯಿತು. ವಿಶ್ವವಿದ್ಯಾಲಯದ ಮೇಷ್ಟ್ರುಗಳೇ ಸುಲಭಕ್ಕೆ ಒಪ್ಪಲಿಲ್ಲ. ಎರಡು ವರ್ಷಕ್ಕೆ, 1536ರಲ್ಲಿ, ಉಲ್ರಿಖ್ ಬಡ ಹುಡುಗರನ್ನು ಪಾದ್ರಿಗಳನ್ನಾಗಿ ತಯಾರು ಮಾಡಲು ಊಟ ವಸತಿಯ ಶಾಲೆ ತೆರೆದ. ಅದಕ್ಕೂ ಹೆಸರು ಸ್ಟಿಫ್ಟ್. ಖಗೋಳ ವಿಜ್ಞಾನಿ ಕೆಪ್ಲರ್ ಅಲ್ಲಿದ್ದ. ತತ್ತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿ ಹ್ಯೋಲ್ಡರ್ಲಿನ್ ಅಲ್ಲಿ ಒಟ್ಟಿಗೇ ಇದ್ದರು. ನಮ್ಮ ಮೋಗ್ಲಿಂಗ್, ಗುಂಡರ್ಟ್ ಇಬ್ಬರೂ ಅದೇ ಶಾಲೆಯ ಅನ್ನ ಉಂಡವರು.

ಮೂರ್ತಿ ತೆಗೆದ ಚರ್ಚಿನಲ್ಲಿ ಉಳಿಯುವುದೇನು? ಮಾತು. ಇಲ್ಲಿ ಕಣ್ಣು ಮೊದಲು ಹೋಗುವುದು ಪಾದ್ರಿ ನಿಂತು ಉಪದೇಶ ಮಾಡುವ ಪ್ರಸಂಗ ಪೀಠಕ್ಕೆ. ಕಂಬಕ್ಕೆ ಅಂಟಿಕೊಂಡು ಜನರ ನಡುವೆಯೇ ನಿಂತ ಕಲ್ಲಿನ ಕೆತ್ತನೆ, ಗಾಥಿಕ್ ಕಾಲದ ಕೊನೆಯದು. ತಮಾಷೆ ಅಂದರೆ ಆ ಪೀಠದ ಮೇಲೆ ಮೇರಿಯ ಶಿಲ್ಪ ಹಾಗೇ ಇದೆ, ಜೊತೆಗೆ ನಾಲ್ವರು ಹಳೆಯ ಗುರುಗಳು. ಮೇರಿಯ ಚಿತ್ರಗಳನ್ನು ಹೊರಹಾಕಿದವರು ಇದನ್ನು ಬಿಟ್ಟಿದ್ದಾರೆ. ಕಲ್ಲು ಒಡೆದರೆ ಪೀಠವೇ ಹೋಗುತ್ತದೆ ಅಂತ ಇರಬಹುದು. ಚಿತ್ರಕಾರ ಡ್ಯೂರರ್‌ನ ಕಾರ್ಯಾಗಾರದಲ್ಲಿ ಪಳಗಿದ ಹಾನ್ಸ್ ಶೊಯ್‌ಫೆಲೈನ್ 1520ರಲ್ಲಿ ಮಾಡಿದ ಏಸುವಿನ ಯಾತನೆಯ ಚಿತ್ರಫಲಕವೂ ಇಂದು ಇಲ್ಲಿದೆ. ಅದರ ಹಿಂದೆ ಕಮಾನು ಕಮಾನಾಗಿ ಕೊರೆದ ಕಲ್ಲಿನ ಅಡ್ಡಗೋಡೆ. ಹಿಂದೆ ಪಾದ್ರಿಗಳನ್ನೂ ಜನರನ್ನೂ ಬೇರೆ ಮಾಡಲು ಕಟ್ಟುತ್ತಿದ್ದದ್ದು. ಬೇರೆ ಎಷ್ಟೋ ಚರ್ಚುಗಳಲ್ಲಿ ಅದನ್ನು ಕೆಡವಿದ್ದಾರೆ. ಇಲ್ಲಿ ಉಳಿದಿದೆ.

ಹಿಂದಿನ ಬಾಗಿಲ ಹತ್ತಿರ ಒಂದು ಮೇಜು. ಪೋಸ್ಟ್‌ಕಾರ್ಡ್, ಮೇಣದಬತ್ತಿ, ಒಳಗೆ ಹೋಗುವ ಟಿಕೆಟ್. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಕೂತು ಸ್ವೆಟರ್ ಹೆಣೆಯುತ್ತಿದ್ದರು. ಸಭೆಯ ಸ್ವಯಂಸೇವಕಿ. ಅಪ್ಪ ನನ್ನನ್ನು ಮೆಲ್ಲಗೆ ತಿವಿದರು. "ಕೇಳು. ನಿಘಂಟು ಬರೆದ ಕಿಟ್ಟೆಲ್ ಬಗ್ಗೆ ಇಲ್ಲಿ ಏನಾದರೂ ಉಂಟಾ ಅಂತ."

ನಾನು ಜರ್ಮನ್‌ನಲ್ಲಿ ಕೇಳಿದೆ: ನಿಘಂಟಿನ ಕಿಟ್ಟೆಲ್, ಟ್ಯೂಬಿಂಗನ್ನಿನವರು.

ಸೂಜಿ ನಿಂತಿತು. ಅಜ್ಜಿ ಕನ್ನಡಕ ಇಳಿಸಿ ನನ್ನನ್ನು, ಅಪ್ಪನನ್ನು ನೋಡಿದರು. "ಆ ಕಿಟ್ಟೆಲ್ ನಿಮಗೆ ಯಾಕೆ ಬೇಕು?" ಅಂದರು. ದನಿ ಪೂರಾ ಬದಲಾಗಿತ್ತು.

ನನಗೆ ಅರ್ಥ ಆಗಲಿಲ್ಲ. ಅವರೇ ಹೇಳಿದರು. ಈ ಊರಿನಲ್ಲಿ ನಿಘಂಟಿನ ಕಿಟ್ಟೆಲ್ ಅಂದರೆ ಗೆರ್‌ಹಾರ್ಡ್ ಕಿಟ್ಟೆಲ್. 1926ರಿಂದ ಇಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಯ ಪ್ರೊಫೆಸರ್. ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ದೊಡ್ಡ ನಿಘಂಟನ್ನು ಸಂಪಾದಿಸಿದವನು, ಇಂದಿಗೂ ಲೋಕದಾದ್ಯಂತ ದೇವಶಾಸ್ತ್ರದವರು ಬಳಸುವ ಪುಸ್ತಕ. ಅದರ ಮೊದಲ ಸಂಪುಟ ಬಂದ ಕಾಲಕ್ಕೇ, 1933ರಲ್ಲಿ, ನಾತ್ಸಿ ಪಕ್ಷ ಸೇರಿದ. ಯಹೂದಿಗಳ ವಿರುದ್ಧ ಭಾಷಣ ಮಾಡಿದ, ಬರೆದ. ಅವನ ಪಾಂಡಿತ್ಯ ಆ ದ್ವೇಷಕ್ಕೆ ಬೆನ್ನಾಗಿ ನಿಂತಿತು. 1945ರಲ್ಲಿ ಫ್ರೆಂಚ್ ಸೇನೆ ಬಂದಾಗ ಬಂಧಿಸಿದರು. 1948ರಲ್ಲಿ ಸತ್ತ.

ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವರು ಗಾಬರಿಯಾಗಿ ಎರಡೂ ಕೈ ಆಡಿಸಿದರು. "ಛೆ ಛೆ, ಅವನಲ್ಲ! ನಮ್ಮವರು ಫರ್ಡಿನಾಂಡ್. ಫರ್ಡಿನಾಂಡ್!" ಇಂಗ್ಲಿಷಿನಲ್ಲಿ, ಜೋರಾಗಿ. ಚರ್ಚಿನಲ್ಲಿ ಆ ಹೆಸರು ಮೂರು ಸಲ ಮರುದನಿಸಿತು.

ಆಮೇಲೆ ಅಪ್ಪ ಹೇಳುತ್ತಾ ಹೋದರು, ನಾನು ಅನುವಾದಿಸುತ್ತಾ ಹೋದೆ. 1853ರಲ್ಲಿ ಇಂಡಿಯಾಕ್ಕೆ ಬಂದದ್ದು. ಕೇಶಿರಾಜನ ಶಬ್ದಮಣಿದರ್ಪಣ, ನಾಗವರ್ಮನ ಛಂದೋಂಬುಧಿ ಅಚ್ಚು ಹಾಕಿಸಿದ್ದು. ಕಾವ್ಯದಿಂದಲೂ ಪದ ತೆಗೆದು, ಗಾದೆಗಳಿಂದಲೂ ತೆಗೆದು ನಿಘಂಟು ಮಾಡಿದ್ದು. ಅದಕ್ಕಾಗಿಯೇ ಟ್ಯೂಬಿಂಗನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು. ಮೋಗ್ಲಿಂಗ್‌ಗೂ 1858ರಲ್ಲಿ ಇದೇ ವಿಶ್ವವಿದ್ಯಾಲಯ ಕೊಟ್ಟಿತ್ತು, ಕನ್ನಡದ ಕೆಲಸಕ್ಕೇ. ಕಿಟ್ಟೆಲ್ಲರ ಕನ್ನಡ ವ್ಯಾಕರಣ ಮಂಗಳೂರಿನಲ್ಲಿ ಅಚ್ಚಾಗಿ ಬಂದದ್ದು 1903ರಲ್ಲಿ, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಇಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ.

ಅಜ್ಜಿ ಹೆಣಿಗೆ ಮಡಿಲಲ್ಲಿಟ್ಟು ಕೇಳಿದರು. ಅವರಿಗೆ ಈ ಕಿಟ್ಟೆಲ್ ಗೊತ್ತೇ ಇರಲಿಲ್ಲ. "ಪ್ರತಿಮೆಯಾ? ಪಾದ್ರಿಗೆ? ಹಿಂದೂಗಳು ಇಟ್ಟದ್ದಾ?" ಎಂದರು. ಅಪ್ಪ "ಕನ್ನಡದವರು ಇಟ್ಟದ್ದು" ಎಂದರು. ಅದನ್ನು ಅನುವಾದ ಮಾಡುವುದು ಸ್ವಲ್ಪ ಕಷ್ಟ ಆಯಿತು.

ನಾನು ಇಲ್ಲಿ ಒಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಕಥೆ ಪೂರ್ತಿ ಆಗುವುದಿಲ್ಲ. ಇವರಾರೂ ಕನ್ನಡ ಉದ್ಧಾರಕ್ಕೆ ಅಂತ ಹಡಗು ಹತ್ತಿದವರಲ್ಲ. ಮತ ಬದಲಿಸಲು ಬಂದವರು. 1844ರಲ್ಲಿ ಮಂಗಳೂರಿನ ಬ್ರಾಹ್ಮಣ ಹುಡುಗ ಆನಂದರಾಯ ಕೌಂಡಿನ್ಯ ಕ್ರೈಸ್ತನಾದಾಗ ಊರೇ ರೊಚ್ಚಿಗೆದ್ದಿತ್ತು, ಅದರ ಹಿಂದೆ ಇದ್ದವರು ಮೋಗ್ಲಿಂಗ್. ಪತ್ರಿಕೆ ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ. ಕಿಟ್ಟೆಲ್ಲರ ಕಾವ್ಯ ವ್ಯಾಕರಣದ ಹುಚ್ಚು ಮಿಶನ್‌ನ ಹಿರಿಯರಿಗೂ ಪೂರ್ತಿ ಹಿಡಿಸಿರಲಿಲ್ಲ. ಸುವಾರ್ತೆ ಸಾರುವುದು ಬಿಟ್ಟು ಇದೇನು ಅಂತ. ಅಪ್ಪ ಇದನ್ನೆಲ್ಲ ಬಲ್ಲವರು. ತರಗತಿಯಲ್ಲೂ ಹೇಳುತ್ತಿದ್ದರಂತೆ.

ಟಿಕೆಟ್ ತೆಗೆದುಕೊಂಡು ಅಡ್ಡಗೋಡೆಯ ಆಚೆ ಹೋದೆವು. ನಮ್ಮ ಗುಡಿಯಲ್ಲಾದರೆ ಗರ್ಭಗುಡಿ ಇರುವ ಜಾಗ. ಹಳೆಯ ಪಾದ್ರಿಗಳ ಮಂತ್ರ ನಿಂತ ಮೇಲೆ ದೊರೆಗಳು ಇದನ್ನು ತಮ್ಮ ಸಮಾಧಿ ಸ್ಥಳ ಮಾಡಿಕೊಂಡರು. ಸಾಲಾಗಿ ಕಲ್ಲಿನ ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ಮಲಗಿದ ಕಲ್ಲಿನ ಮನುಷ್ಯ. ಕೈ ಜೋಡಿಸಿದೆ, ಕವಚ ತೊಟ್ಟಿದೆ. ರಾತ್ರಿ ಬಸ್ಸಿನ ಸ್ಲೀಪರ್ ಸೀಟುಗಳ ಹಾಗೆ ಅನ್ನಿಸಿ ನಗು ಬಂತು. ಎಲ್ಲೆಲ್ಲೂ ವ್ಯೂರ್ಟೆಂಬರ್ಗಿನ ಲಾಂಛನ, ಮೂರು ಸಾರಂಗದ ಕೊಂಬು.

ಎಬರ್‌ಹಾರ್ಡ್ ಮಲಗಿರುವುದೂ ಇಲ್ಲಿಯೇ. ಬೇರೆಡೆ ಹೂತಿದ್ದವನನ್ನು 1537ರಲ್ಲಿ ಇಲ್ಲಿಗೆ ತಂದರು. ಉದ್ದ ಗಡ್ಡದವನು, ಗಡ್ಡದ ಎಬರ್‌ಹಾರ್ಡ್ ಅಂತಲೇ ಹೆಸರು. ಜೆರುಸಲೇಮ್ ಯಾತ್ರೆ ಮಾಡಿ ಬಂದು ತಾಳೆಮರವನ್ನು ಗುರುತಾಗಿ ಇಟ್ಟುಕೊಂಡ. ಇವನ ಧ್ಯೇಯವಾಕ್ಯ 'ಆಟೆಂಪ್ಟೊ', ಅಂದರೆ 'ಕೈ ಹಾಕುತ್ತೇನೆ'. ವಿಶ್ವವಿದ್ಯಾಲಯ ಈಗಲೂ ಅದನ್ನೇ ಬಳಸುತ್ತದೆ. ಅದೇ ಎಬರ್‌ಹಾರ್ಡ್ 1477ರಲ್ಲಿ ವಿಶ್ವವಿದ್ಯಾಲಯ ತೆರೆಯುವಾಗಲೇ ಯಹೂದಿಗಳನ್ನು ಊರಿನಿಂದ ಹೊರಹಾಕಿದ. ಊರಿನಲ್ಲಿ ಯೂಡನ್‌ಗಾಸೆ, ಯಹೂದಿ ಓಣಿ, ಅನ್ನುವ ಹೆಸರು ಮಾತ್ರ ಉಳಿದಿದೆ. ಹೊರಗಿನ ಮೇಜಿನಲ್ಲಿ ಈಗಷ್ಟೇ ಕೇಳಿದ ಕಥೆ ಇಷ್ಟು ಹಳೆಯದು ಅಂತ ಹೊಳೆದದ್ದು ಆಗಲೇ.

ಅವನ ತಾಯಿ ಮೆಖ್‌ಟಿಲ್ಡ್ ಸಮಾಧಿ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಉಲ್ಮ್‌ನ ಶಿಲ್ಪಿ ಹಾನ್ಸ್ ಮುಲ್ಚರ್ ಕೈಕೆಲಸ ಎನ್ನುತ್ತಾರೆ. ಬಟ್ಟೆಯ ನೆರಿಗೆ ಕಾಲ ಬಳಿ ಮಡಚಿಕೊಂಡು ಬಿದ್ದಿರುವ ರೀತಿ ನೋಡಿದರೆ ಈಗ ತಾನೇ ಮಲಗಿದ ಹಾಗಿದೆ. ಮಗನಿಗೆ ವಿಶ್ವವಿದ್ಯಾಲಯದ ಹಂಬಲ ಹತ್ತಿಸಿದ್ದು ಈಕೆ. ಸುತ್ತ ಎತ್ತರದ ಕಿಟಕಿಗಳಲ್ಲಿ ಪೀಟರ್ ಹೆಮ್ಮೆಲ್‌ನ ಕಾರ್ಯಾಗಾರದ ಬಣ್ಣದ ಗಾಜು, ಹದಿನೈದನೇ ಶತಮಾನದ್ದು. ಮೋಡ ಸರಿದಾಗ ಆಕೆಯ ಕಲ್ಲಿನ ಕೆನ್ನೆಯ ಮೇಲೆ ಒಂದು ಕೆಂಪು ಚುಕ್ಕೆ ಬಿತ್ತು. ಮತ್ತೆ ಮೋಡ ಬಂದು ಹೋಯಿತು.

ದೊರೆಗಳ ನಡುವೆ ದೊರೆಯಲ್ಲದ ಒಬ್ಬನಿಗೂ ಈ ಚರ್ಚಿನಲ್ಲಿ ಜಾಗ ಸಿಕ್ಕಿದೆ. ಹಾನ್ಸ್ ಉಂಗ್ನಾಡ್, ಆಸ್ಟ್ರಿಯಾದಲ್ಲಿ ದೊಡ್ಡ ಅಧಿಕಾರಿಯಾಗಿದ್ದವನು. ಪ್ರೊಟೆಸ್ಟೆಂಟ್ ಆಗಿ ಊರು ಬಿಟ್ಟು ಇಲ್ಲಿಗೆ ಬಂದ. ಹತ್ತಿರದ ಉರಾಖ್‌ನಲ್ಲಿ ತನ್ನ ದುಡ್ಡು ಹಾಕಿ, ಬೇರೆಯವರಿಂದಲೂ ಎತ್ತಿ, ಅಚ್ಚುಕೂಟ ನಡೆಸಿದ. ಕ್ರೊಯೇಷಿಯಾ ಕಡೆಯ ಜನರಿಗೆ ಅವರದೇ ಮಾತಿನಲ್ಲಿ, ಅವರದೇ ಲಿಪಿಗಳಲ್ಲಿ ಪುಸ್ತಕ ಹೊರಡಿಸುವುದಕ್ಕೆ. 1564ರಲ್ಲಿ ಸತ್ತ. ಅವನ ಜೊತೆ ಕೆಲಸ ಮಾಡಿದ ಪ್ರಿಮ್ಯೋಜ್ ತ್ರುಬಾರ್‌ನ ಕಥೆ ಇನ್ನೂ ಸ್ವಾರಸ್ಯ. ಸ್ಲೊವೀನ್ ಭಾಷೆಯ ಮೊಟ್ಟಮೊದಲ ಅಚ್ಚಾದ ಪುಸ್ತಕಗಳು ಅವನವು, ಒಂದು ಪ್ರಶ್ನೋತ್ತರ ಮಾಲೆ, ಒಂದು ಅಕ್ಷರಮಾಲೆ. 1550ರಲ್ಲಿ ಅಚ್ಚಾದದ್ದು ಇದೇ ಟ್ಯೂಬಿಂಗನ್ನಿನಲ್ಲಿ, ಪುಸ್ತಕದಲ್ಲಿ ಮಾತ್ರ ಸುಳ್ಳು ಊರಿನ ಹೆಸರು. ಕೊನೆಯ ವರ್ಷಗಳಲ್ಲಿ ಇಲ್ಲಿಗೆ ಅಂಟಿಕೊಂಡ ಡೆರೆಂಡಿಂಗನ್‌ನಲ್ಲಿ ಪಾದ್ರಿಯಾಗಿದ್ದು 1586ರಲ್ಲಿ ಅಲ್ಲೇ ತೀರಿಕೊಂಡ.

ಅಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಬಲ್ಮಠದ ಕಲ್ಲಚ್ಚಿಗೆ ಮುನ್ನೂರು ವರ್ಷ ಮೊದಲೇ ಇವರಿಗೆ ಇದು ಅಭ್ಯಾಸ ಇತ್ತು" ಅಂದರು. ದೇವರ ಮಾತು ಜನರ ಮಾತಿನಲ್ಲಿರಬೇಕು ಅಂತ ನಂಬಿದವರು. ಅದಕ್ಕೆ ಮೊದಲು ಜನರ ಮಾತು ಕಲಿಯಬೇಕು, ಪದ ಹೆಕ್ಕಬೇಕು, ಅಚ್ಚುಮೊಳೆ ಎರಕ ಹೊಯ್ಯಬೇಕು. ಕೆಲವರು ಹೆಕ್ಕುತ್ತಾ ಹೆಕ್ಕುತ್ತಾ ಅದರಲ್ಲೇ ಕಳೆದುಹೋದರು, ಕಿಟ್ಟೆಲ್ಲರ ಹಾಗೆ.

ಗೋಪುರ ಹತ್ತುವುದು ಬೇಡ ಅಂದೆ. ಅಪ್ಪ ಕೇಳಲಿಲ್ಲ. ಸುರುಳಿ ಮೆಟ್ಟಿಲು, ಒಬ್ಬರೇ ಹಿಡಿಯುವಷ್ಟು ಅಗಲ, ಕಲ್ಲು ಸವೆದು ನಡುವೆ ಗುಂಡಿ. ಇಳಿಯುವವರು ಬಂದಾಗ ಗೋಡೆಗೆ ಅಂಟಿ ನಿಲ್ಲಬೇಕು. ಗಂಟೆಗಳನ್ನು ದಾಟಿ ಮೇಲೆ ಹೋದರೆ ಊರು ಪೂರ್ತಿ ಕಾಲ ಕೆಳಗೆ. ನದಿ, ಬೆಟ್ಟದ ಮೇಲೆ ಕೋಟೆ, ದೂರಕ್ಕೆ ನೀಲಿ ಗುಡ್ಡಗಳು, ಮತ್ತೆ ಕೆಂಪು ಮಾಡುಗಳು. ಅಪ್ಪ ಬೇರೆ ಯಾವುದನ್ನೂ ನೋಡದೆ ಮಾಡುಗಳನ್ನೇ ನೋಡಿದರು. ನಮ್ಮ ಹಳೆ ಮನೆಯ ಹಂಚಿನ ಹಿಂಬದಿಯಲ್ಲಿ ಬಾಸೆಲ್ ಮಿಶನ್ ಅಂತ ಅಚ್ಚೊತ್ತಿತ್ತು. 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಕಾರ್ಖಾನೆಯದು.

"ಇದು ನಮ್ಮ ಹಂಚಲ್ಲ" ಎಂದರು ಕೊನೆಗೆ. ನಿಜ. ಇಲ್ಲಿನದು ಚಪ್ಪಟೆ, ತುದಿ ದುಂಡಗೆ, ಒಂದರ ಮೇಲೊಂದು ಮೀನಿನ ಹುರುಪೆಯ ಹಾಗೆ. ನಮ್ಮದು ಒಂದಕ್ಕೊಂದು ಕಚ್ಚಿಕೊಳ್ಳುವ ಗೀರಿನ ಹಂಚು. ಅವರಿಗೆ ಸ್ವಲ್ಪ ನಿರಾಸೆ ಆಯಿತು ಅನ್ನಿಸುತ್ತದೆ.

ಮಧ್ಯಾಹ್ನ ಸುಮ್ನೆ ತಿರುಗಿದೆವು. ಚರ್ಚಿನ ಪಕ್ಕದ ಓಣಿಯಲ್ಲಿ ಪ್ರಕಾಶಕ ಕೋಟ್ಟಾನ ಮನೆ. 1797ರಲ್ಲಿ ಜರ್ಮನ್ ಮಹಾಕವಿ ಗಯಟೆ ಕೆಲವು ದಿನ ಇಲ್ಲಿ ಉಳಿದಿದ್ದ, 'ಇಲ್ಲಿ ಗಯಟೆ ವಾಸವಿದ್ದ' ಅಂತ ಫಲಕ ಇದೆ. ಪಕ್ಕದ ವಿದ್ಯಾರ್ಥಿಗಳ ಮನೆಯ ಮೇಲೆ ಇನ್ನೊಂದು ಫಲಕ: 'ಇಲ್ಲಿ ಗಯಟೆ ವಾಂತಿ ಮಾಡಿದ'. ಅನುವಾದ ಮಾಡಿದ ಕೂಡಲೇ ಅಪ್ಪ ಫೋಟೋ ತೆಗೆಸಿಕೊಂಡರು, ಅದರ ಕೆಳಗೇ ನಿಂತು. ಚರ್ಚಿನ ಎದುರಿಗೇ ಹಳೆಯ ಪುಸ್ತಕದಂಗಡಿ, ಹೆಕ್ಕೆನ್‌ಹೌವರ್. 1895ರಿಂದ 1899ರವರೆಗೆ, ಮುಂದೆ ಕಾದಂಬರಿಕಾರನಾದ ಹರ್ಮನ್ ಹೆಸ್ಸೆ ಅಲ್ಲಿ ಪುಸ್ತಕ ಕಟ್ಟಿ ಕೊಡುವ ಹುಡುಗ. ಅವನ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ, ಅಜ್ಜ ಅದೇ ಗುಂಡರ್ಟ್. ಡಾಕ್ಟರೇಟ್ ಪಡೆದ ಮುದುಕ ಕಿಟ್ಟೆಲ್ ಆ ಅಂಗಡಿಗೆ ಹೋಗಿ ಆ ಹುಡುಗನ ಕೈಯಿಂದ ಪುಸ್ತಕ ತೆಗೆದುಕೊಂಡಿರಬಹುದಾ ಅಂತ ಅಪ್ಪ ಲೆಕ್ಕ ಹಾಕತೊಡಗಿದರು. ಮೇಷ್ಟ್ರ ಕಲ್ಪನೆ. ಬಿಟ್ಟುಬಿಟ್ಟೆ.

ರಾತ್ರಿ ಎಂಟಕ್ಕೆ ಮತ್ತೆ ಚರ್ಚಿಗೆ ಬಂದೆವು. ಶನಿವಾರ ಸಂಜೆ ಇಲ್ಲಿ 'ಮೊಟೆಟ್ಟೆ' ಇರುತ್ತದೆ, ಹಾಡು, ಆರ್ಗನ್, ಒಂದು ಚಿಕ್ಕ ಪ್ರಾರ್ಥನೆ. ಯುದ್ಧ ಮುಗಿದ 1945ರಿಂದ ನಡೆದು ಬಂದದ್ದು. ಬೆಳಿಗ್ಗೆ ಮೆಟ್ಟಿಲಲ್ಲಿ ಪಿಜ್ಜಾ ತಿನ್ನುತ್ತಿದ್ದ ಹುಡುಗ ಗಾಯಕರ ಎರಡನೇ ಸಾಲಿನಲ್ಲಿ ಕರಿ ಅಂಗಿ ಹಾಕಿ ನಿಂತಿದ್ದ. ನಡುವೆ ಎಲ್ಲರೂ ಎದ್ದು ಒಂದು ಹಾಡು ಹಾಡಿದರು. ನಿಧಾನದ, ಅಗಲವಾದ ರಾಗ. ಅಪ್ಪ ತಲೆಯಾಡಿಸುತ್ತಾ ಬಾಯೊಳಗೇ ಗುನುಗಿದರು.

"ನಿಮಗೆ ಹೇಗೆ ಗೊತ್ತು?"

"ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರ ಮದುವೆಯಲ್ಲಿ ಹಾಡಿದ್ದಾರೆ, ಬಲ್ಮಠದಲ್ಲಿ. ಕನ್ನಡದಲ್ಲಿ."

ಹೊರಡುವಾಗ ಮೇಜಿನ ಅಜ್ಜಿ ಇನ್ನೂ ಇದ್ದರು. ಸ್ವೆಟರಿನ ಒಂದು ತೋಳು ಮುಗಿದಿತ್ತು. ಚೀಟಿ, ಪೆನ್ನು ಮುಂದೆ ಮಾಡಿ ಫರ್ಡಿನಾಂಡ್ ಅನ್ನುವುದರ ಮುಂದೆ ಆ ಭಾಷೆಯ ಹೆಸರು ಬರೆದುಕೊಡಿ ಅಂದರು. ಅಪ್ಪ ಬರೆದರು. ಕನ್ನಡದಲ್ಲಿ. ನಾನು ಕೆಳಗೆ ರೋಮನ್ ಅಕ್ಷರದಲ್ಲಿ ಬರೆದೆ.

ಕೊನೆಯ ರೈಲಿಗಿಂತ ಒಂದು ಮೊದಲಿನದು ಸಿಕ್ಕಿತು. ಅಪ್ಪ ಕೂತ ಐದು ನಿಮಿಷಕ್ಕೆ ನಿದ್ದೆ ಹೋದರು, ಬಾಯಿ ತೆರೆದುಕೊಂಡು. ಎಸ್ಲಿಂಗನ್ ಬಂದಾಗ ಹನ್ನೊಂದು ದಾಟಿತ್ತು. ಎಬ್ಬಿಸುವುದೋ ಬೇಡವೋ ಅಂತ ನೋಡಿದೆ. ಆಮೇಲೆ ಭುಜ ಅಲುಗಿಸಿದೆ. "ಅಪ್ಪಾ, ಎಸ್ಲಿಂಗನ್."

ಅವರು ಕಣ್ಣು ತೆರೆದು ಕಿಟಕಿಗೆ ಮುಖ ಒತ್ತಿದರು. ಪ್ಲಾಟ್‌ಫಾರಂನಲ್ಲಿ ಒಂದು ಸಿಗರೇಟು ಯಂತ್ರ, ಒಂದು ಬೆಂಚು, ಕಬಾಬು ತಿನ್ನುತ್ತಾ ನಿಂತ ಒಬ್ಬ.

"ಮುಂದಿನ ಶನಿವಾರ ಇಲ್ಲಿ ಇಳಿಯುವ" ಅಂದು ಮತ್ತೆ ಮಲಗಿದರು.